ಹಕ್ಕಿಯ ಬಗ್ಗೆಯೂ ಬರೆದಿದ್ದಾರೆ, ಬಸ್ಸಿನಲ್ಲಿ ಸೀಟು ಬಿಡದ ಹುಡುಗಿಯ ಬಗ್ಗೆಯೂ. ಈ ಫಿಲಿಪ್ ಹೂಸ್ ಯಾರು?

ಮಾವಿನಮಿಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು ಏಳನೇ ಕ್ಲಾಸು. ಸ್ಕೂಲಿನಲ್ಲಿ ಒಬ್ಬ ಲೇಖಕರನ್ನು ಆರಿಸಿಕೊಂಡು ಅವರ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ಕ್ಲಾಸಿನ ಅರ್ಧ ಮಕ್ಕಳು ಮಂತ್ರದಂಡ, ಡ್ರ್ಯಾಗನ್ ಬರೆಯುವವರನ್ನು ಹಿಡಿದುಕೊಂಡರು. ನಮ್ಮವಳು ಲೈಬ್ರರಿಯಿಂದ ಹೊತ್ತು ತಂದದ್ದು ಫಿಲಿಪ್ ಹೂಸ್ ಅವರ ಎರಡು ಪುಸ್ತಕ. (ಹೆಸರು ನೋಡಿ ನಗಬೇಡಿ. ಊರಿಂದ ಬಂದಿರುವ ನಮ್ಮ ಮಾವನವರು ಎಲ್ಲರ ಪಾಲಿನದ್ದನ್ನೂ ನಕ್ಕು ಮುಗಿಸಿದ್ದಾರೆ. ನಾನು ಫಿಲಿಪ್ ಅಂತಲೇ ಬರೆಯುತ್ತೇನೆ.)

ಒಂದು ಪುಸ್ತಕ ಕ್ಲಾಡೆಟ್ ಕಾಲ್ವಿನ್ ಎಂಬ ಹುಡುಗಿಯದ್ದು. ಇನ್ನೊಂದು ‘ಮೂನ್‌ಬರ್ಡ್’, ಬಿ95 ಅಂತ ನಂಬರ್ ಇರುವ ಒಂದು ಹಕ್ಕಿಯದ್ದು.

ರಾತ್ರಿ ಪಾತ್ರೆ ತೊಳೆದು, ಸುಮ್ನೆ ಎರಡು ಪುಟ ನೋಡೋಣ ಅಂತ ಕಾಲ್ವಿನ್ ಪುಸ್ತಕ ತೆಗೆದೆ. ಹಾಲಿಗೆ ಹೆಪ್ಪು ಹಾಕುವುದೇ ಮರೆತುಹೋಯಿತು. ರೋಸಾ ಪಾರ್ಕ್ಸ್ ಹೆಸರು ನಾನೂ ಕೇಳಿದ್ದೆ. ಕಪ್ಪು ಜನ ಬಿಳಿಯರಿಗೆ ಬಸ್ಸಿನ ಸೀಟು ಬಿಡಬೇಕು ಅನ್ನುವ ಕಾನೂನಿದ್ದಾಗ, ಬಿಟ್ಟುಕೊಡದೆ ಕೂತ ಕಪ್ಪು ಹೆಂಗಸು. ಅದು 1955ರ ಡಿಸೆಂಬರ್ 1. ಆದರೆ ಅದಕ್ಕೂ ಒಂಬತ್ತು ತಿಂಗಳು ಮೊದಲು, ಮಾರ್ಚ್ 2ಕ್ಕೆ, ಅದೇ ಅಲಬಾಮಾದ ಮಾಂಟ್‌ಗೊಮೆರಿಯಲ್ಲಿ, ಸ್ಕೂಲು ಬಿಟ್ಟು ಮನೆಗೆ ಹೊರಟ 15 ವರ್ಷದ ಹುಡುಗಿ ಏಳಲ್ಲ ಅಂದುಬಿಟ್ಟಳು. ಆ ಸಾಲಿನಲ್ಲಿದ್ದ ಉಳಿದ ಮೂವರು ಎದ್ದು ಹಿಂದೆ ಹೋದರು. ಇವಳು ಕೂತೇ ಇದ್ದಳು. ಪೊಲೀಸರು ಎಳೆದುಕೊಂಡು ಹೋಗಿ ಕೈಕೋಳ ಹಾಕಿದರು. ಒಂದು ವರ್ಷದ ಮೇಲೆ ಬಸ್ಸಿನ ಆ ಕಾನೂನನ್ನೇ ಬೀಳಿಸಿದ ಬ್ರೌಡರ್ ವರ್ಸಸ್ ಗೇಲ್ ಕೇಸಿನಲ್ಲಿ ಗೆದ್ದ ನಾಲ್ಕು ಹೆಂಗಸರಲ್ಲಿ ಇವಳೂ ಒಬ್ಬಳು. ನನಗೆ ಇವಳ ಹೆಸರೇ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಾ?

ಈಗ ಪ್ರಶ್ನೆ. ಮಗಳು ಕೇಳುತ್ತಾಳೆ: “ಅಮ್ಮಾ, ಇವರಿಗೆ ನಿಜವಾಗಿ ಇಷ್ಟ ಯಾವುದು? ಹಕ್ಕಿಯಾ, ಮಕ್ಕಳಾ?” ಪುಸ್ತಕದ ಹಿಂದಿನ ರಟ್ಟು ನೋಡಿದರೆ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಇರುತ್ತಾರೆ ಅಂತಿದೆ, ಅಷ್ಟೇ. ಗೂಗಲ್ ಮಾಡಿದರೆ ಪ್ರಶಸ್ತಿಗಳ ಪಟ್ಟಿ. ಪಟ್ಟಿ ಓದಿದರೆ ಮಕ್ಕಳು ನಿದ್ದೆ ಹೋಗುತ್ತಾರೆ. ಇವರನ್ನು ಓದಿಕೊಂಡವರು ಯಾರಾದರೂ ಇದ್ದೀರಾ? ಒಬ್ಬರೇ ಈ ಎರಡನ್ನೂ ಹೇಗೆ ಬರೆದರು?


ಗೀಜಗ ಬರೆದದ್ದು:

ಮಾವಿನಮಿಡಿ ಅವರೇ, ನಾನು ಪುಸ್ತಕದ ಹುಳು ಅಲ್ಲ. ಆದರೆ ‘ಮೂನ್‌ಬರ್ಡ್’ ಒಂದು ನನ್ನ ಮನೆಯಲ್ಲಿದೆ, ಬೆನ್ನು ಕಿತ್ತುಹೋಗುವಷ್ಟು ಓದಿದ್ದೇನೆ. ಅದು ನನ್ನ ಕೈಗೆ ಹೇಗೆ ಬಂತು ಅಂತ ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಟುಕೊಂಡು ಓದಿ.

ನಾನು ಡೆಲವೇರಿನಲ್ಲಿ ಔಷಧದ ಲ್ಯಾಬೊಂದರಲ್ಲಿ ಕೆಲಸ ಮಾಡುವವನು. ಇಂಜೆಕ್ಷನ್ ಆಗಿ ರಕ್ತಕ್ಕೆ ಹೋಗುವ ಔಷಧದಲ್ಲಿ ಬ್ಯಾಕ್ಟೀರಿಯಾದ ವಿಷ ಉಳಿದಿದೆಯಾ ಅಂತ ನೋಡಲು ಎಲ್‌ಎಎಲ್ ಅಂತ ಒಂದು ಟೆಸ್ಟ್ ಇದೆ. ಸಣ್ಣ ಗಾಜಿನ ಟ್ಯೂಬಿನಲ್ಲಿರುವ ಎಲ್‌ಎಎಲ್ ಪುಡಿಗೆ ಸ್ಯಾಂಪಲ್ ಹಾಕಿ, 37 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸದೆ ಇಡಬೇಕು. ಆಮೇಲೆ ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಬೇಕು. ಒಳಗಿನದ್ದು ಮೊಸರಿನ ಹಾಗೆ ಗಟ್ಟಿಯಾಗಿ ತಳಕ್ಕೇ ಅಂಟಿಕೊಂಡಿದ್ದರೆ ಆ ಮಾಲು ಕೆಟ್ಟಿದೆ ಅಂತ. ನೀರಾಗಿ ಇಳಿದರೆ ಪಾಸು. ವರ್ಷಗಟ್ಟಲೆ ಟ್ಯೂಬು ತಿರುಗಿಸಿದ್ದೇನೆ. ಆ ಪುಡಿ ಬರುವುದು ಹಾರ್ಸ್‌ಶೂ ಏಡಿಯ ನೀಲಿ ರಕ್ತದಿಂದ ಅಂತ ಓದಿ ಗೊತ್ತಿತ್ತೇ ಹೊರತು ಆ ಪ್ರಾಣಿಯ ಮುಖ ನೋಡಿರಲಿಲ್ಲ. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ರಿಟೈರ್ ಆಗುವಾಗ ಈ ಪುಸ್ತಕ ಕೊಟ್ಟು, “ಮೇ ತಿಂಗಳ ಹುಣ್ಣಿಮೆ ರಾತ್ರಿ ಡೆಲವೇರ್ ಕೊಲ್ಲಿಗೆ ಹೋಗು” ಅಂದರು.

ಹೋದೆ. ಭರತದ ನೀರು ಏರುತ್ತಿದ್ದ ಹಾಗೆ ದಡದ ಅಂಚು ಪೂರ್ತಿ ಕಬ್ಬಿಣದ ಬಾಣಲೆಗಳನ್ನು ಬೋರಲು ಹಾಕಿದ ಹಾಗಿತ್ತು. ಅವು ಸರಿದಾಡುವಾಗ ಒಂದಕ್ಕೊಂದು ತಾಗಿ ಟಕ್ ಟಕ್ ಸದ್ದು. ಅಲೆ ಹೊಡೆತಕ್ಕೆ ಎಷ್ಟೋ ಅಂಗಾತ ಬಿದ್ದು ಕಾಲು ಆಡಿಸುತ್ತಿದ್ದವು. ಹಾಗೇ ಬಿಟ್ಟರೆ ಬೆಳಗ್ಗೆ ಬಿಸಿಲಿಗೆ ಸಾಯುತ್ತವೆ. ಒಂದನ್ನು ಚಿಪ್ಪಿನ ಅಂಚು ಹಿಡಿದು ತಿರುಗಿಸಿ ಬಿಟ್ಟೆ. ಹಗಲೆಲ್ಲ ಟ್ಯೂಬು ತಿರುಗಿಸುವ ಕೈ ರಾತ್ರಿ ಏಡಿ ತಿರುಗಿಸಿತು.

ಈ ಏಡಿಗಳು ಮರಳಿನಲ್ಲಿ ಇಡುವ ಮೊಟ್ಟೆಯನ್ನು ನಂಬಿಕೊಂಡು ಬರುವ ಹಕ್ಕಿಯೇ ರೆಡ್ ನಾಟ್. ದಕ್ಷಿಣ ಅಮೆರಿಕದ ತುದಿಯಿಂದ ಕೆನಡಾದ ಉತ್ತರ ತುದಿಗೆ, ಮತ್ತೆ ವಾಪಸ್, ವರ್ಷಕ್ಕೆ ಸುಮಾರು 29,000 ಕಿಲೋಮೀಟರ್. ದೂರ ಹಾರುವ ಮುಂಚೆ ಭಾರ ಕಮ್ಮಿಯಾಗಲಿ ಅಂತ ಹೊಟ್ಟೆಯ ಅಂಗಗಳನ್ನೇ ಕುಗ್ಗಿಸಿಕೊಳ್ಳುತ್ತದೆ. ಇಲ್ಲಿಗೆ ಬಂದು ಬಿದ್ದಾಗ ಮೈಯೆಲ್ಲ ಎಲುಬು. ಎರಡು ವಾರ ಮೊಟ್ಟೆ ತಿಂದು ತೂಕ ಹೆಚ್ಚುಕಮ್ಮಿ ಎರಡರಷ್ಟು ಮಾಡಿಕೊಂಡು ಹೊರಡುತ್ತದೆ. ಬಲೆಗೆ ಎರೆ ಅಂತ ಜನ ಏಡಿಗಳನ್ನು ಲಾರಿಗಟ್ಟಲೆ ಹಿಡಿದರು. ಏಡಿ ಕಮ್ಮಿಯಾಯಿತು, ಮೊಟ್ಟೆ ಕಮ್ಮಿಯಾಯಿತು, ಹಕ್ಕಿಯೂ ಕಮ್ಮಿಯಾಯಿತು. ನ್ಯೂಜೆರ್ಸಿ 2008ರಲ್ಲಿ ಏಡಿ ಹಿಡಿಯುವುದನ್ನೇ ನಿಲ್ಲಿಸಿತು.

ಇದನ್ನೆಲ್ಲ ಅಂಕಿಅಂಶ ಹಾಕಿ ಬರೆಯಬಹುದಿತ್ತು, ಅಲ್ವಾ? ಫಿಲಿಪ್ ಒಂದೇ ಒಂದು ಹಕ್ಕಿಯ ಹಿಂದೆ ಬಿದ್ದರು. 1995ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ರಿಯೋ ಗ್ರಾಂಡೆಯಲ್ಲಿ ಕಾಲಿಗೆ ಉಂಗುರ ಹಾಕಿಸಿಕೊಂಡ ಹಕ್ಕಿ ಅದು. ಆಮೇಲೆ ಕಾಲಿಗೆ ಬಿ95 ಅಂತ ಬರೆದ ಕಿತ್ತಳೆ ಬಣ್ಣದ ಪಟ್ಟಿಯೂ ಬಂತು. ಜೊತೆಯ ಹಕ್ಕಿಗಳು ಸಾಯುತ್ತಾ ಹೋದರೂ ಇದು ಮಾತ್ರ ವರ್ಷ ವರ್ಷ ಕಾಣಿಸಿಕೊಂಡಿತು. 2012ರಲ್ಲಿ ಪುಸ್ತಕ ಬಂದಾಗ ಅದು ಹಾರಿದ ದೂರ ಲೆಕ್ಕ ಹಾಕಿದರೆ ಚಂದ್ರನಿಗೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು. ಹೆಸರು ಬಂದದ್ದು ಹಾಗೆ. ನೂರು ಗ್ರಾಂ ಆಸುಪಾಸಿನ ಜೀವ ಅದು. ನಾವು ಮೆಣಸಿನಕಾಯಿ ಕೊಳ್ಳುವ ತೂಕ.

ಈಗ ಮಗಳ ಪ್ರಶ್ನೆ, ಹಕ್ಕಿಯಾ ಮಕ್ಕಳಾ ಅಂತ. ನನ್ನ ಪ್ರಕಾರ ಈ ಮನುಷ್ಯನಿಗೆ ಎರಡೂ ಒಂದೇ. ದೊಡ್ಡ ಲೆಕ್ಕದಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಜೀವ ಹಿಡಿಯುತ್ತಾರೆ. ಅದಕ್ಕೆ ನಂಬರ್ ಇದ್ದರೆ ನಂಬರ್, ಹೆಸರಿದ್ದರೆ ಹೆಸರು. ಬಿಡದೆ ಹಿಂಬಾಲಿಸುತ್ತಾರೆ.

ಅವರ ಬದುಕೂ ಹಾಗೇ ಎರಡು ಹಳಿ ಮೇಲೆ ಓಡಿದೆ. ಹುಟ್ಟಿದ್ದು 1947, ಇಂಡಿಯಾನಾದಲ್ಲಿ. ಯೇಲ್‌ನಲ್ಲಿ ಅರಣ್ಯದ ಓದು. 1977ರಿಂದ ದಶಕಗಟ್ಟಲೆ ‘ದಿ ನೇಚರ್ ಕನ್ಸರ್ವೆನ್ಸಿ’ಯಲ್ಲಿ ನೌಕರಿ. ಅಪರೂಪದ ಗಿಡ, ಪ್ರಾಣಿ ಇರುವ ಜಾಗವನ್ನು ಉಳಿಸಿಕೊಳ್ಳುವ ಸಂಸ್ಥೆ ಅದು. 1981ರಲ್ಲಿ ಬಂದ ಪುಸ್ತಕವೂ ಅದೇ ಕೆಲಸದ್ದು, ದೊಡ್ಡವರಿಗೆ. ಅಂದರೆ ಬರೆದು ಬದುಕಿದವರಲ್ಲ, ಆಫೀಸಿಗೆ ಹೋಗಿ ಬಂದು ಬರೆದವರು. ಇದನ್ನು ಮಗಳು ಕ್ಲಾಸಿನಲ್ಲಿ ಹೇಳಲಿ. ಗಿಟಾರ್ ನುಡಿಸುತ್ತಾರೆ, ಮಕ್ಕಳಿಗೆ ಹಾಡು ಕಟ್ಟುತ್ತಾರೆ. ಇರುವೆಯನ್ನು ತುಳಿಯಲು ಕಾಲೆತ್ತಿದ ಹುಡುಗನ ಜೊತೆ ಇರುವೆಯೇ ವಾದಕ್ಕೆ ನಿಲ್ಲುವ ‘ಹೇ ಲಿಟಲ್ ಆಂಟ್’ ಅಂತ ಪುಟಾಣಿ ಪುಸ್ತಕ ಇದೆ. ಅದು ಮೊದಲು ಹಾಡಾಗಿತ್ತು. ತಮ್ಮ ಮಗಳು ಹ್ಯಾನಾ ಜೊತೆ ಸೇರಿ ಬರೆದದ್ದು. ಉತ್ತರ ಕೊಡದ ಪ್ರಶ್ನೆ ಅದು. ತುಳಿದನಾ ಇಲ್ಲವಾ ಅಂತ ಕೊನೆಗೂ ಹೇಳುವುದಿಲ್ಲ. ನನ್ನ ಮಗನಿಗೆ ಸಿಟ್ಟು ಬಂದಿತ್ತು.

ಇನ್ನೊಂದು ಹೇಳಿ ನಿಲ್ಲಿಸುತ್ತೇನೆ. 2004ರಲ್ಲಿ ದಂತದ ಬಣ್ಣದ ಕೊಕ್ಕಿನ ದೊಡ್ಡ ಮರಕುಟಿಗದ ಬಗ್ಗೆ ಬರೆದರು. ಅದನ್ನು ಕಂಡವರು “ಲಾರ್ಡ್ ಗಾಡ್!” ಅಂತ ಕೂಗುತ್ತಿದ್ದರಂತೆ, ನಮ್ಮಲ್ಲಿ ‘ಅಯ್ಯೋ ದೇವ್ರೇ’ ಅನ್ನುವ ಹಾಗೆ. ಅದೇ ಅದರ ಅಡ್ಡಹೆಸರು. ಅದಿದ್ದ ಲೂಸಿಯಾನಾದ ಕಾಡು ಮೊದಲು ಸಿಂಗರ್ ಹೊಲಿಗೆ ಮೆಷಿನ್ ಕಂಪನಿಯದ್ದಾಗಿತ್ತು. ನಮ್ಮ ಅಜ್ಜಿ ಮನೆಯಲ್ಲಿ ಇದ್ದದ್ದು ಅದೇ ಸಿಂಗರ್ ಮೆಷಿನ್ನು! ಯುದ್ಧದ ಕಾಲದಲ್ಲಿ ಮರಗಳೆಲ್ಲ ಉರುಳಿದವು, ಸೆರೆ ಸಿಕ್ಕ ಜರ್ಮನ್ ಸೈನಿಕರನ್ನೂ ಕಡಿಯಲು ಹಚ್ಚಿದರು. 1944ರ ಏಪ್ರಿಲ್‌ನಲ್ಲಿ ಡಾನ್ ಎಕಲ್‌ಬೆರಿ ಎಂಬ ಚಿತ್ರಕಾರ ಅಲ್ಲಿ ಉಳಿದಿದ್ದ ಒಂಟಿ ಹೆಣ್ಣು ಹಕ್ಕಿಯ ಚಿತ್ರ ಬರೆದುಕೊಂಡರು. ಆಗ ಜೊತೆಗೆ ಊರಿನ ಇಬ್ಬರು ಹುಡುಗರಿದ್ದರು. ಫಿಲಿಪ್ ಆ ಹುಡುಗರನ್ನು ಬಿಟ್ಟಿಲ್ಲ, ಪುಸ್ತಕದಲ್ಲಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಚಿತ್ರಕಾರನನ್ನು ಮಾತ್ರ ಬರೆದು ಮುಂದೆ ಹೋಗುತ್ತಿದ್ದರು.


ಕೆಂಪುಶಾಯಿ ಬರೆದದ್ದು:

ಗೀಜಗ ಅವರು ಹಕ್ಕಿ ಕಡೆ ಹೇಳಿದರು, ನಾನು ಮಕ್ಕಳ ಕಡೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಮಕ್ಕಳ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಆದ್ದರಿಂದ ಸ್ವಲ್ಪ ತಕರಾರೂ ಇದೆ.

ಮೊದಲು ಮೆಚ್ಚಿಗೆ. ಈ ಮನುಷ್ಯನ ತಾಳ್ಮೆ ದೊಡ್ಡದು. 2000ದಲ್ಲಿ ಡೆನ್ಮಾರ್ಕಿನಲ್ಲಿ ಸೈಕಲ್ ಪ್ರವಾಸಕ್ಕೆ ಹೋಗಿದ್ದಾಗ ಕೋಪನ್‌ಹೇಗನ್ನಿನ ಮ್ಯೂಸಿಯಂ ಒಂದರಲ್ಲಿ ‘ಚರ್ಚಿಲ್ ಕ್ಲಬ್’ ಅಂತ ಒಂದು ಸಣ್ಣ ಪ್ರದರ್ಶನ ನೋಡಿದರು. 1940ರ ಏಪ್ರಿಲ್ 9ಕ್ಕೆ ಜರ್ಮನಿ ಒಳಗೆ ನುಗ್ಗಿದಾಗ ಡೆನ್ಮಾರ್ಕ್ ಸರ್ಕಾರ ಬೇಗ ಕೈಚೆಲ್ಲಿತು. ಪಕ್ಕದ ನಾರ್ವೆ ಮಾತ್ರ ಹೊಡೆದಾಡುತ್ತಿತ್ತು. ಇದು ಆಲ್ಬಾರ್ಗ್ ಊರಿನ ಕೆಲವು ಸ್ಕೂಲು ಹುಡುಗರಿಗೆ ನಾಚಿಕೆ ತಂದಿತು. ಚರ್ಚಿಲ್ ಕ್ಲಬ್ ಅಂತ ಗುಂಪು ಕಟ್ಟಿಕೊಂಡು, ಸೈಕಲ್ ಏರಿ ಹೋಗಿ ಜರ್ಮನ್ನರ ಬಂದೂಕು ಕದ್ದರು, ಗಾಡಿ ಸುಟ್ಟರು. ಅವರು ಗುಟ್ಟಾಗಿ ಸೇರುತ್ತಿದ್ದದ್ದು ಇಬ್ಬರು ಹುಡುಗರ ಪಾದ್ರಿ ಅಪ್ಪ ವಾಸವಿದ್ದ ಹಳೇ ಮಠದ ಕಟ್ಟಡದಲ್ಲಿ. 1942ರ ಮೇನಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋದರು.

ಅವರಲ್ಲಿ ಕ್ನುಡ್ ಪೆಡರ್ಸನ್ ಇನ್ನೂ ಬದುಕಿದ್ದರು. ಫಿಲಿಪ್ ಪತ್ರ ಬರೆದರೆ, “ಬೇರೆಯವರಿಗೆ ಮಾತು ಕೊಟ್ಟಿದ್ದೇನೆ” ಅಂತ ಉತ್ತರ. ಸರಿ ಅಂತ ಎತ್ತಿಟ್ಟರು. ಹನ್ನೆರಡು ವರ್ಷ! 2012ರಲ್ಲಿ ಮತ್ತೆ ಬರೆದರು. ಆ ಮೊದಲಿನ ಒಪ್ಪಂದ ಮುರಿದುಬಿದ್ದಿತ್ತು, ಬಾ ಅಂದರು. ಕೋಪನ್‌ಹೇಗನ್ನಿಗೆ ಹೋಗಿ ಒಂದು ವಾರ ಎದುರುಬದುರು ಕೂತು ಸುಮಾರು 25 ಗಂಟೆ ಮಾತಾಡಿಸಿದರು. ಆಮೇಲೆ ಇಮೇಲ್ ಸಾವಿರದ ಹತ್ತಿರ. ಪೆಡರ್ಸನ್ 2014ರ ಡಿಸೆಂಬರಿನಲ್ಲಿ ತೀರಿಕೊಂಡರು, ಪುಸ್ತಕ ಹೊರಬಂದದ್ದು 2015ರಲ್ಲಿ. ಇನ್ನೆರಡು ವರ್ಷ ತಡವಾಗಿದ್ದರೆ ಆ ಪುಸ್ತಕವೇ ಇಲ್ಲ.

ಕಾಲ್ವಿನ್ ವಿಷಯವೂ ಹಾಗೇ. ಅವರು ನ್ಯೂಯಾರ್ಕಿಗೆ ಹೋಗಿ ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ದಶಕಗಟ್ಟಲೆ ಕೆಲಸ ಮಾಡಿಕೊಂಡು ಸುಮ್ಮನಿದ್ದುಬಿಟ್ಟಿದ್ದರು. ಬಾಯಿ ಬಿಡಿಸಲು ವರ್ಷಗಳೇ ಹಿಡಿದವು. 2009ರಲ್ಲಿ ಪುಸ್ತಕಕ್ಕೆ ನ್ಯಾಷನಲ್ ಬುಕ್ ಅವಾರ್ಡ್ ಬಂದಾಗ ಫಿಲಿಪ್ ವೇದಿಕೆಗೆ ಹತ್ತಿದ್ದು ಕಾಲ್ವಿನ್ ಅವರನ್ನು ಜೊತೆಗೆ ಕರೆದುಕೊಂಡು. ಆ ಫೋಟೋ ಇಂಟರ್‌ನೆಟ್ಟಿನಲ್ಲಿ ಸಿಗುತ್ತೆ, ಮಗಳಿಗೆ ತೋರಿಸಿ.

ಈಗ ತಕರಾರು. ಎರಡೂ ಪುಸ್ತಕದಲ್ಲಿ ಒಂದು ತುಂಡು ಲೇಖಕರ ಮಾತು, ಇನ್ನೊಂದು ತುಂಡು ಆ ವ್ಯಕ್ತಿಯದ್ದೇ ಬಾಯಿಮಾತು, ಹೀಗೆ ಜಡೆ ಹೆಣೆದ ಹಾಗೆ ಹೋಗುತ್ತದೆ. ಓದಲು ಚೆಂದ. ಆದರೆ ಎಪ್ಪತ್ತು ವರ್ಷ ಆದಮೇಲೆ ಅಜ್ಜ ಹೇಳುವ ತನ್ನ ಹದಿನೈದನೇ ವರ್ಷದ ಕಥೆ ಎಷ್ಟು ಗಟ್ಟಿ? ನಮ್ಮ ತಾತ ಹೇಳುತ್ತಿದ್ದ ಹುಲಿ ಪ್ರತಿ ಬೇಸಿಗೆ ರಜೆಗೂ ಒಂದು ಗೇಣು ಬೆಳೆಯುತ್ತಿತ್ತು. ಕಾಲ್ವಿನ್ ಕಥೆಗೆ ಕೋರ್ಟಿನ ದಾಖಲೆ ಇದೆ, ಪೊಲೀಸರ ಕಾಗದ ಇದೆ, ಒರೆಗೆ ಹಚ್ಚಬಹುದು. ಡೆನ್ಮಾರ್ಕಿನ ಪುಸ್ತಕ ಓದುವಾಗ ನನಗೆ ಅಷ್ಟು ಧೈರ್ಯ ಬರಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಪೂರ್ತಿ ಅಂಕ. ಕಾಲ್ವಿನ್ ಯಾಕೆ ಪಾರ್ಕ್ಸ್ ಆಗಲಿಲ್ಲ ಅನ್ನುವುದನ್ನು ಮುಚ್ಚಿಡಲಿಲ್ಲ. ವಯಸ್ಸು ಚಿಕ್ಕದು, ಬಡವರ ಕೇರಿ, ಆಮೇಲೆ ಬಸುರಾದಳು. ಹೋರಾಟದ ಮುಂದಾಳುಗಳಿಗೆ ಅವಳು ಬೇಡವಾದಳು. ನಮ್ಮಲ್ಲಿ ಮಕ್ಕಳ ಪುಸ್ತಕಕ್ಕೆ ಈ ಮಾತು ಬಂದರೆ ಯಾರೋ ಒಬ್ಬರು ಖಂಡಿತ ಕೆಂಪು ಗೆರೆ ಎಳೆಯುತ್ತಾರೆ. ನಾನೇ ಎಳೆದಿರುತ್ತೇನೆ, ಯಾರಿಗೆ ಗೊತ್ತು.


ಮಾವಿನಮಿಡಿ:

ಅಬ್ಬಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಓದಿ ಹೇಳಿದೆ. ಹನ್ನೆರಡು ವರ್ಷ ಕಾದರು ಅಂದಾಗ “ನನ್ನಷ್ಟೇ ವಯಸ್ಸು” ಅಂದಳು. ಮಾವನವರು ಮೆಣಸಿನಕಾಯಿ ತೂಕದ ಹಕ್ಕಿ ಕೇಳಿ ನಗುವುದು ನಿಲ್ಲಿಸಿ, “ಅದು ದಾರಿ ಹೇಗೆ ಹುಡುಕುತ್ತೆ?” ಅಂತ ಕೇಳಿದರು. ಈಗ ಪುಸ್ತಕ ಅವರ ಕೋಣೆಯಲ್ಲಿದೆ. ಇಂಗ್ಲಿಷ್ ಪೂರ್ತಿ ಹತ್ತುವುದಿಲ್ಲ, ಚಿತ್ರ ನೋಡುತ್ತಾರೆ.

ಇನ್ನೊಂದು ಸಂಶಯ. ಹೀಗೆ ಚರಿತ್ರೆಯಲ್ಲಿ ಮಕ್ಕಳನ್ನೇ ಹುಡುಕಬೇಕು ಅಂತ ಇವರಿಗೆ ಯಾಕೆ ಅನ್ನಿಸಿತು? ನಾನು ಶಿವಮೊಗ್ಗದಲ್ಲಿ ಓದಿದವಳು. ನಮ್ಮ ಪಾಠದಲ್ಲಿ ಇದ್ದದ್ದು ರಾಜರು, ಇಸವಿ, ಬಿಟ್ಟ ಸ್ಥಳ ತುಂಬಿರಿ.


ಹಳೇಮೇಷ್ಟ್ರು ಬರೆದದ್ದು:

ತಂಗೀ, ಅದಕ್ಕೆ ಉತ್ತರ ಅವರೇ ಹೇಳಿಕೊಂಡಿದ್ದಾರೆ. ಏನಾದರೂ ಮಾಡಿ ತೋರಿಸಿದ ಮಕ್ಕಳ ಬಗ್ಗೆ ಒಂದು ಪುಸ್ತಕಕ್ಕೆ ಮಾತಾಡಿಸುತ್ತಿದ್ದಾಗ ಒಬ್ಬ ಹುಡುಗಿ ದೂರಿದಳಂತೆ: ಚರಿತ್ರೆ ಪಾಠದಲ್ಲಿ ನಮ್ಮ ವಯಸ್ಸಿನವರು ಯಾರೂ ಇರುವುದಿಲ್ಲ, ಓದಿದರೆ ನಾವು ಮನುಷ್ಯರೇ ಅಲ್ಲವೇನೋ ಅನ್ನಿಸುತ್ತೆ ಅಂತ. ಆ ಮಾತು ಅವರನ್ನು ಕುಟುಕಿತು. 2001ರಲ್ಲಿ ಬಂದ ‘ವಿ ವರ್ ದೇರ್, ಟೂ!’ ಅದರ ಫಲ. ಕೊಲಂಬಸ್ಸನ ಹಡಗಿನಲ್ಲಿದ್ದ ಹುಡುಗರಿಂದ ಶುರು. ದಪ್ಪ ಪುಸ್ತಕ, ಒಂದೇ ಸಲಕ್ಕೆ ಓದುವುದಲ್ಲ, ಉಪ್ಪಿನಕಾಯಿ ಹಾಗೆ ಆಗಾಗ.

ಇನ್ನೊಂದು ನನ್ನ ಊಹೆ. ಫಿಲಿಪ್ ಬೇಸ್‌ಬಾಲ್ ಸರಿಯಾಗಿ ಆಡಲು ಬಾರದ ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಅವರ ನೆಂಟ, ಚೆಂಡೆಸೆಯುವ ಆಟಗಾರ ಡಾನ್ ಲಾರ್ಸನ್ 1956ರ ಅಕ್ಟೋಬರ್ 8ಕ್ಕೆ ಅಮೆರಿಕದ ಬೇಸ್‌ಬಾಲ್ ಫೈನಲ್ ಆದ ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿಯ ಒಬ್ಬನಿಗೂ ಬೇಸ್ ಮುಟ್ಟಲು ಬಿಡದೆ ಪಂದ್ಯ ಮುಗಿಸಿದರು. ಆ ಪಂದ್ಯಾವಳಿಯಲ್ಲಿ ಹಾಗೆ ಮಾಡಿದವರು ಬೇರೆ ಯಾರೂ ಇಲ್ಲ. ದೊಡ್ಡ ಸುದ್ದಿ ನಮ್ಮ ಮನೆ ಹೊಸ್ತಿಲು ಸವರಿಕೊಂಡು ಹೋದರೆ ಹುಡುಗನಿಗೆ ಏನಾಗುತ್ತೆ ಅನ್ನುವುದು ಅವರಿಗೆ ಆಗಲೇ ಗೊತ್ತಿತ್ತು. ಅದನ್ನೂ ಒಂದು ಪುಸ್ತಕ ಮಾಡಿದ್ದಾರೆ.

ಶಿವಮೊಗ್ಗ ಅಂದೆಯಲ್ಲ, ಅದಕ್ಕೇ ಕೈ ತುರಿಸಿತು. ಆ ಡೆನ್ಮಾರ್ಕಿನ ಹುಡುಗರು ಸಿಕ್ಕಿಬಿದ್ದದ್ದು 1942ರ ಮೇ ಅಂದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಅಂತ ಸಾರಿಕೊಂಡಿತು. ಊರಿನವರು ಅಮಲ್ದಾರ (ತಹಸೀಲ್ದಾರ) ಅಂತ ಕೂರಿಸಿದ್ದು ಜಯಣ್ಣ ಎಂಬ ಹುಡುಗನನ್ನು, ಸಬ್ ಇನ್ಸ್‌ಪೆಕ್ಟರ್ ಅಂತ ಮಲ್ಲಪ್ಪ ಎಂಬ ಹುಡುಗನನ್ನು. ಇಬ್ಬರಿಗೂ ಇನ್ನೂ ಮೀಸೆ ಮೂಡಿರಲಿಲ್ಲ. ಆಮೇಲೆ ಗಲಾಟೆಯಾಗಿ ನಿಜವಾದ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೆ ಹಾಕಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅಂತ ನೀನೂ ಉರು ಹೊಡೆದಿರುತ್ತೀಯ. ಹುಬ್ಬಳ್ಳಿಯಲ್ಲಿ ಅದೇ ಆಗಸ್ಟಿನಲ್ಲಿ ಗುಂಡಿಗೆ ಸತ್ತ ನಾರಾಯಣ ಡೋಣಿಯೂ ಹುಡುಗನೇ.

ನಾನು ಮೂವತ್ತು ವರ್ಷ ಈಸೂರಿನ ಪಾಠ ಮಾಡಿದೆ. ಆ ಹುಡುಗರು ಅಮಲ್ದಾರಿಕೆ ಮಾಡಿದ ದಿನ ಏನು ತಿಂದರು, ರಾತ್ರಿ ಯಾರ ಪಕ್ಕ ಮಲಗಿದರು, ಹೆದರಿಕೆ ಆಯಿತಾ ಅಂತ ಒಂದು ಮಗುವೂ ನನ್ನನ್ನು ಕೇಳಲಿಲ್ಲ. ಕೇಳುವ ಹಾಗೆ ನಾನು ಪಾಠ ಮಾಡಲಿಲ್ಲ ಅನ್ನುವುದು ನಿಜ. ಐದು ಅಂಕದ ಪ್ರಶ್ನೆ ಅಂತ ಗುರುತು ಹಾಕಿಸಿ ಮುಂದೆ ಹೋದೆ.


ಕೆಂಪುಶಾಯಿ:

ಮೇಷ್ಟ್ರೇ, ನೀವೇ ಯಾಕೆ ಬರೆಯಬಾರದು? ನಿಜವಾಗಿ ಕೇಳುತ್ತಿದ್ದೇನೆ. ಖಾಸಗಿ ಮೆಸೇಜ್ ನೋಡಿ.


ಮಾವಿನಮಿಡಿ:

ಮೇಷ್ಟ್ರೇ, ಉರು ಹೊಡೆದದ್ದು ನಿಜ. ಹುಡುಗರ ಹೆಸರು ಇವತ್ತೇ ಕಿವಿಗೆ ಬಿದ್ದದ್ದು. ಮಾವನವರಿಗೆ ಓದಿ ಹೇಳಿದೆ. ಅವರ ಅಕ್ಕನನ್ನು ಕೊಟ್ಟದ್ದು ಶಿಕಾರಿಪುರದ ಕಡೆಗೇ. ನಾಳೆ ಬೆಳಗ್ಗೆ ಫೋನು ಮಾಡುತ್ತಾರಂತೆ.

ಮಗಳು ಭಾಷಣ ಬರೆದು ಮುಗಿಸಿದಳು. ಮೊದಲ ವಾಕ್ಯ ಪ್ರಶಸ್ತಿಯದ್ದಲ್ಲ, “ಈ ಲೇಖಕರು ಒಬ್ಬರ ಉತ್ತರಕ್ಕೆ ನಾನು ಹುಟ್ಟಿ ಇಷ್ಟು ದೊಡ್ಡವಳಾಗುವಷ್ಟು ಕಾಲ ಕಾದರು” ಅಂತ. ಗೀಜಗ ಅವರೇ, ಮೇನಲ್ಲಿ ನಾವು ಮೂವರೂ ಏಡಿ ನೋಡಲು ಬರಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮ ಕಡೆಯ ದಡದಲ್ಲಿ ಎಲ್ಲಿ ನಿಲ್ಲಬಹುದು? ಬೂಟು ಬೇಕಾ?


ಗೀಜಗ:

ಬೂಟು ಬೇಕು, ಟಾರ್ಚೂ ಬೇಕು. ನಿಮ್ಮ ಕಡೆ ರೀಡ್ಸ್ ಬೀಚ್ ಇದೆ. ಆದರೆ ಮೇನಲ್ಲಿ ಹಕ್ಕಿಗಳಿಗೆ ತೊಂದರೆ ಆಗಬಾರದು ಅಂತ ಮರಳಿಗೆ ಇಳಿಯಲು ಬಿಡುವುದಿಲ್ಲ. ನೋಡಲು ಕಟ್ಟೆ ಕಟ್ಟಿದ್ದಾರೆ, ಅಲ್ಲಿಂದ ನೋಡಬೇಕು. ಬೈನಾಕ್ಯುಲರ್ ಇದ್ದರೆ ತನ್ನಿ. ಏಡಿಯನ್ನು ಕೈಯಾರೆ ತಿರುಗಿಸಬೇಕು ಅಂದರೆ ನಮ್ಮ ದಡಕ್ಕೆ ಬನ್ನಿ, ಹುಣ್ಣಿಮೆ ಅಥವಾ ಅಮಾವಾಸ್ಯೆ ಆಸುಪಾಸು, ಭರತದ ಹೊತ್ತು ನೋಡಿಕೊಂಡು. ಅದರ ಬಾಲ ಉದ್ದ, ಹಿಡಿಯಲು ಆಸೆಯಾಗುತ್ತೆ. ಬಾಲ ಹಿಡಿದು ಎತ್ತಬಾರದು ಅಂತ ಮಗಳಿಗೂ ಮಾವನವರಿಗೂ ಮೊದಲೇ ಹೇಳಿಡಿ.